ಬದುವಿನ ಒಂದು ಹಿಡಿ ಮಣ್ಣು

ಗೌರಕ್ಕ, ನಿಮ್ಮಪ್ಪನ ಕೈ ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದವನು ನಾನು. ಆವತ್ತು ಅವರ ಅಂಗೈಗೆ ನಾನು ಹಾಕಿದ ಮಣ್ಣು ನಿಮ್ಮ ಗದ್ದೆಯ ನಡುವಿನದಲ್ಲ — ಬದುವಿನದು. ಇಷ್ಟನ್ನು ಹೇಳುವುದಕ್ಕೆ ನನಗೆ ಹತ್ತು ವರ್ಷ ಬೇಕಾಯಿತು. ನಿಮ್ಮ ಮನೆ ನಮ್ಮ ಮನೆಯಿಂದ ಕೂಗಳತೆ ದೂರ. ಆದರೂ ಎದುರಿಗೆ ನಿಂತು ಹೇಳುವ ಧೈರ್ಯ ಸಾಲದೆ ಕಾಗದ ಬರೆಯುತ್ತಿದ್ದೇನೆ.

ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರಪಡಬೇಡಿ. ಬಿಟ್ಟು ಬಿಟ್ಟು ಹೇಳಿದರೆ ಮತ್ತೆ ಅಂಚಿನ ಮಣ್ಣನ್ನಷ್ಟೇ ಎತ್ತಿ ಕೊಟ್ಟಂತಾಗುತ್ತದೆ.

ಮಾದಪ್ಪ ದೊಡ್ಡಪ್ಪನಿಗೆ ಕಣ್ಣು ಹೋದ ಮೇಲೂ ಊರಿನ ಹದ ಅವರ ಕೈಯಲ್ಲೇ ಇತ್ತು. ಭತ್ತ ಕೊಯ್ದು, ನಾಲೆಗೆ ನೀರು ಬಿಡುವುದು ನಿಂತು, ಗದ್ದೆಯ ತೇವ ಉಳುಮೆಗೆ ತಕ್ಕಷ್ಟು ಇಳಿಯಿತೋ ಇಲ್ಲವೋ ಎಂದು ಅವರೇ ಹೇಳಬೇಕು. ಬರಿಗಾಲಲ್ಲಿ ಗದ್ದೆಗೆ ಇಳಿಯುತ್ತಿದ್ದರು. ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ, ಬೆರಳಿನಲ್ಲಿ ಒತ್ತಿ, ಮೂಸಿ ನೋಡುತ್ತಿದ್ದರು. ಉಂಡೆ ಪುಡಿಯಾದರೆ ಉಳಬಹುದು, ಅಂಟಿದರೆ ಕಾಯಬೇಕು. ನಮ್ಮ ಕಡೆಯ ಎರೆಮಣ್ಣಿನಲ್ಲಿ ಎರಡು ದಿನ ಮುಂಚೆ ಇಳಿದರೂ ಕೇಡು, ನಾಲ್ಕು ದಿನ ತಡವಾದರೂ ಕೇಡು. ನೋಡಿದ ಮಣ್ಣನ್ನು ಅವರು ಎಂದೂ ಎಸೆಯುತ್ತಿರಲಿಲ್ಲ, ತೆಗೆದ ಜಾಗದಲ್ಲೇ ಹಾಕಿಸುತ್ತಿದ್ದರು.

ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ, ನಿಜ ಹೇಳುತ್ತೇನೆ. ಊರ ಹುಡುಗರು ತಾಂಡ್ಯದ ಫ್ಯಾಕ್ಟರಿಗಳಿಗೆ ಹೋಗತೊಡಗಿ, ಎತ್ತು ಕಟ್ಟುವವರು ಕಡಿಮೆಯಾಗಿ, ನನ್ನ ಟ್ರ್ಯಾಕ್ಟರಿಗೆ ಬಿಡುವಿಲ್ಲದ ಕಾಲ ಅದು. ಅಂಥ ಗಾಡಿ ಒಬ್ಬ ಮುದುಕನ ಅಂಗೈಗಾಗಿ ಬದುವಿನ ಮೇಲೆ ಕಾಯಬೇಕೆ? ಹೊಟ್ಟೆಯೊಳಗೆ ಒಂದು ಉರಿ ಇತ್ತು. ಹೊರಗೆ ‘ದೊಡ್ಡಪ್ಪ, ದೊಡ್ಡಪ್ಪ’ ಎನ್ನುತ್ತಿದ್ದೆ.

ಆ ವರ್ಷ ಅವರ ಅಂಗಾಲಿಗೆ ಮೊಳೆ ಹೊಕ್ಕು ಬಟ್ಟೆ ಸುತ್ತಿದ್ದರು. ನೀವು ಅವರನ್ನು ಜಗಲಿ ಬಿಟ್ಟು ಇಳಿಯಲು ಬಿಡಲಿಲ್ಲ. ನನಗೋ ಬನ್ನೂರಿನಲ್ಲಿ ಕೆಲಸ ಕಾದಿತ್ತು, ನಿಮ್ಮ ಗದ್ದೆ ಉತ್ತು ಅವತ್ತೇ ಮಧ್ಯಾಹ್ನ ಬರುತ್ತೇನೆಂದು ಮಾತು ಕೊಟ್ಟಿದ್ದೆ. ನಿಮ್ಮಪ್ಪ ಹೇಳಿದರು, “ಸಿವು, ನಡುಗದ್ದೆಯಿಂದ ಒಂದಿಡಿ ಮಣ್ಣ ತಕ್ಕಬಾ ಕಣ್ಲಾ. ನೋಡ್ಬುಟ್ಟು ಯೋಳ್ತೀನಿ.”

ಹೋದೆ. ನಾಲ್ಕು ಹೆಜ್ಜೆ ಇಟ್ಟೆ — ಕಾಲು ಗಿಣ್ಣಿನವರೆಗೆ ಹೂತಿತು. ಎತ್ತಿದಾಗ ಹೆಜ್ಜೆಯ ಗುಳಿಯಲ್ಲಿ ನಿಧಾನವಾಗಿ ನೀರು ತುಂಬಿಕೊಂಡಿತು. ಅದನ್ನು ನೋಡುತ್ತಾ ನಿಂತಿದ್ದೆ. ಹದವಿಲ್ಲ ಎಂದು ನನಗೆ ಗೊತ್ತಾಯಿತು ಗೌರಕ್ಕ, ಗೊತ್ತಿರಲಿಲ್ಲ ಎನ್ನುವ ಮಾತೇ ಇಲ್ಲ. ಹಿಂದಕ್ಕೆ ಬಂದು ಬದುವಿನ ಬುಡದಲ್ಲಿ, ಗರಿಕೆ ಹಬ್ಬಿದ ಕಡೆ, ಬಿಸಿಲಿಗೆ ಒಣಗಿದ್ದ ಮಣ್ಣನ್ನು ಕೆದಕಿ ಮುಷ್ಟಿ ತುಂಬಿಕೊಂಡೆ.

ದೊಡ್ಡಪ್ಪ ಅದನ್ನು ಬಹಳ ಹೊತ್ತು ಉಜ್ಜಿದರು. ಬೆರಳುಗಳು ಒಂದು ಕಡೆ ನಿಂತವು.

“ಗರಿಕೆ ಬೇರು ಸಿಕ್ತಾದಲ್ಲಾ. ನಡುಗದ್ದೇದೇ ತಾನೆ?”

“ಊಂ ದೊಡ್ಡಪ್ಪ. ಈ ಸಲ ಕಳೆ ಜಾಸ್ತಿ.”

ಕುರುಡರಾದರೂ ಮುಖವನ್ನು ನನ್ನ ಕಡೆ ತಿರುಗಿಸಿದರು. ಆ ಎರಡು ಗಳಿಗೆ… ಅವರ ಕೈ ಒಂದು ಹೇಳುತ್ತಿತ್ತು, ನಾನು ಇನ್ನೊಂದು ಹೇಳುತ್ತಿದ್ದೆ. ಅವರು ನನ್ನನ್ನು ನಂಬಿದರು. “ಸರಿ ಬುಡು, ಹದ ಬಂದದೆ. ಉಳೋಗು. ಈ ಮಣ್ಣ ಎಲ್ಲಿಂದ ತಂದ್ಯೋ ಅಲ್ಲೇ ಆಕು” ಎಂದರು. ಜಗಲಿ ಇಳಿಯುತ್ತಲೇ ಅದನ್ನು ಬೀದಿಗೆ ಎಸೆದೆ.

ನೇಗಿಲು ಇಳಿದಾಗ ಮಣ್ಣು ಪುಡಿಯಾಗಲಿಲ್ಲ. ಕತ್ತಿಯಿಂದ ಕೊಯ್ದ ಹಲ್ವಾದಂತೆ ಹೋಳು ಹೋಳಾಗಿ ಎದ್ದಿತು, ಕೊಯ್ದ ಮುಖ ಬಿಸಿಲಿಗೆ ಹೊಳೆಯುತ್ತಿತ್ತು. ಟ್ರ್ಯಾಕ್ಟರಿನ ಹಿಂದೆ ಹುಳ ಆರಿಸಲು ಬೆಳ್ಳಕ್ಕಿಗಳು ಯಾವಾಗಲೂ ಬರುತ್ತವಲ್ಲ, ಅವತ್ತೂ ಬಂದವು. ಎರಡು ಸಾಲು ನಡೆದವು. ಆಮೇಲೆ ಯಾರೂ ಓಡಿಸದೆ, ಏನೂ ಸದ್ದಾಗದೆ, ಎಲ್ಲವೂ ಒಟ್ಟಿಗೆ ಎದ್ದು ಬದುವಿನ ಮೇಲೆ ಸಾಲಾಗಿ ಕುಳಿತವು. ಗದ್ದೆಯ ಕಡೆಗೇ ಮುಖ ಮಾಡಿ ಕುಳಿತಿದ್ದವು. ನಾನು ಮುಗಿಸಿ ಹೊರಡುವವರೆಗೆ ಒಂದೂ ಕೆಳಗೆ ಇಳಿಯಲಿಲ್ಲ.

ಹೆಂಟೆಗಳು ವಾರದೊಳಗೆ ಕಲ್ಲಾದವು. ನೀವು ಬಿತ್ತಿದ ಉದ್ದು ಅಲ್ಲೊಂದು ಇಲ್ಲೊಂದು ಮೊಳೆತು ಗೇಣು ಏಳುವಷ್ಟರಲ್ಲಿ ಹಳದಿಯಾಯಿತು. ಒಂದು ಗಿಡ ಕಿತ್ತು ನೋಡಿದೆ. ತಾಯಿಬೇರು ಸ್ವಲ್ಪ ಕೆಳಗೆ ಹೋಗಿ ತಟ್ಟನೆ ಅಡ್ಡಕ್ಕೆ ತಿರುಗಿತ್ತು. ಇನ್ನೊಂದು ಕಿತ್ತೆ, ಮತ್ತೊಂದು ಕಿತ್ತೆ — ಎಲ್ಲವೂ ಅದೇ ಆಳದಲ್ಲಿ ತಿರುಗಿದ್ದವು.

ನೀವು ಅಪ್ಪನಿಗೆ ಒಂದು ಮಾತು ಅಂದಿರಿ. ನಾನು ಅಲ್ಲೇ ಬೇಲಿಯ ಆಚೆ ಇದ್ದೆ. “ಕಣ್ಣಂತೂ ಓಯ್ತು, ಕೈಯೂ ಓಯ್ತಾ ನಿಂಗೆ? ಇನ್ಮೇಕೆ ಯಾರ ಗದ್ದೆಗೂ ಯೋಳಕ್ಕೋಗ್ಬ್ಯಾಡ” ಎಂದಿರಿ. ಆ ಮಾತನ್ನು ನಿಮ್ಮ ಬಾಯಿಗೆ ಹಾಕಿದವನು ನಾನು, ಅದನ್ನು ಇಲ್ಲಿ ಬರೆಯದೆ ಬಿಡಲಾರೆ. ಆಮೇಲೆ ಊರಿನಲ್ಲಿ ಯಾರೂ ಅವರನ್ನು ಕೇಳಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಹೋದದ್ದು ನನ್ನ ಮಾನವಾಗಿದ್ದರೆ ಸರಿಹೋಗುತ್ತಿತ್ತು — ಹೋದದ್ದು ಅವರದು.

ಉದ್ದಿನ ಗೋಜೇ ಬೇಡವೆಂದು ನೀವು ಭತ್ತದ ಮೇಲೆ ಭತ್ತ ಹಾಕತೊಡಗಿದಿರಿ. ನಾನೇ ವರ್ಷಕ್ಕೆ ಎರಡು ಸಲ ಕೆಸರು ತುಳಿಸಿದೆ. ತುಳಿಸಿದಷ್ಟೂ ಕೆಳಗಿನ ಪದರ ಗಟ್ಟಿಯಾಯಿತು. ಸುತ್ತಲಿನ ಗದ್ದೆಗಳು ಆರಿದರೂ ಅದರಲ್ಲಿ ನೀರು ನಿಂತೇ ಇರುತ್ತಿತ್ತು. ತುಕ್ಕಿನ ಬಣ್ಣದ ತೆಳು ಪೊರೆ, ಕೊಳೆತ ವಾಸನೆ, ಗಾಳಿ ಇಲ್ಲದಾಗಲೂ ಗುಳು ಗುಳು ಎಂದು ಏಳುವ ಗುಳ್ಳೆ. ಬೆಳ್ಳಕ್ಕಿಗಳು ಬದುವಿನವರೆಗೆ ಬಂದು ನಿಲ್ಲುತ್ತಿದ್ದವು.

ಕೊನೆಗೆ ಅದೂ ಆರಿದ ಒಂದು ಬೇಸಗೆಯ ಮಧ್ಯಾಹ್ನ ದೊಡ್ಡಪ್ಪ ಒಬ್ಬರೇ ಆ ಗದ್ದೆಯಲ್ಲಿ ನಿಂತು ಹಿಮ್ಮಡಿಯಿಂದ ನೆಲವನ್ನು ಗುದ್ದುತ್ತಿದ್ದರು. ಗುದ್ದುವುದು, ಕಿವಿಗೊಡುವುದು, ಎರಡು ಹೆಜ್ಜೆ ಸರಿದು ಮತ್ತೆ ಗುದ್ದುವುದು. ನಾನು ಸದ್ದು ಮಾಡದೆ ದಾಟಿಹೋಗಲು ನೋಡಿದೆ. ನನ್ನ ಹೆಜ್ಜೆ ಅವರಿಗೆ ಗೊತ್ತಾಗದೆ ಇರುತ್ತದೆಯೆ?

“ಸಿವು, ಕೆಳಗ್ಲೋರು ಬಾಗ್ಲಾಕ್ಕೊಂಡವ್ರೆ ಕಣ್ಲಾ. ಎಷ್ಟು ತಟ್ಟುದ್ರೂ ತಗೀತಾ ಇಲ್ಲ.”

ನಾನು ದಾಟಿಹೋದೆ. ನಿಜ ಹೇಳಲು ಸಿಕ್ಕ ಮೊದಲನೆಯ ಅವಕಾಶ ಅದು. ಎರಡನೆಯದನ್ನು ಅವರೇ ಕರೆದು ಕೊಟ್ಟರು.

ಹಾಸಿಗೆ ಹಿಡಿದ ಮೇಲೆ ನನಗೆ ಹೇಳಿಕಳಿಸಿದರಲ್ಲ, ಯಾಕೆಂದು ನಿಮಗೆ ಗೊತ್ತಿಲ್ಲ. ನೀವು ಹಿತ್ತಲಿನಲ್ಲಿದ್ದಿರಿ. ಆ ಗದ್ದೆಯ ಮಣ್ಣು ಒಂದು ಹಿಡಿ ಬೇಕು ಎಂದರು. ಈ ಸಲ ನಡುಗದ್ದೆಗೇ ಹೋಗಿ, ಗುದ್ದಲಿಯಿಂದ ಕೆತ್ತಿ ತಂದೆ. ಬೆರಳಿನಲ್ಲಿ ಬಲವಿರಲಿಲ್ಲ. ಆದರೂ ಉಜ್ಜಿದರು, ಮೂಸಿದರು.

“ಆವತ್ತಿಂದು ಇದಲ್ಲ. ಅದ್ರಲ್ಲಿ ಗರಿಕೆ ಬೇರಿತ್ತು. ಅದೂ ಈ ಗದ್ದೇದೇನ್ಲಾ?”

ಅಷ್ಟು ವರ್ಷ ಆ ಎಳೆ ಬೇರು ಅವರ ಬೆರಳ ತುದಿಯಲ್ಲೇ ಇತ್ತು ಗೌರಕ್ಕ. ನಾನು ಒಂದೇ ಒಂದು ಮಾತು ಹೇಳಿದ್ದರೆ — ಬದುವಿನದು ಎಂದು — ಅವರು ಬೈದಾದರೂ ನೆಮ್ಮದಿಯಾಗಿ ಕಣ್ಣು ಮುಚ್ಚುತ್ತಿದ್ದರು. ನಾನು “ಊಂ, ಇದೇ ಗದ್ದೇದು” ಎಂದೆ. ಬದುವೂ ಅದೇ ಗದ್ದೆಯದಲ್ಲವೆ? ಅಂಥ ಹೊತ್ತಿನಲ್ಲೂ ತಪ್ಪಿಸಿಕೊಳ್ಳಲು ಒಂದು ಕಿಂಡಿ ಹುಡುಕಿದ ಮನಸ್ಸು ನನ್ನದು.

“ಅಂಗಾದ್ರೆ ತಪ್ಪು ನಂದೇ ಬುಡು” ಎಂದು ಅಂಗೈ ಮುಚ್ಚಿಕೊಂಡರು.

ಮೂರು ದಿನಕ್ಕೆ ಹೋದರು. ಅವರ ಆಸೆಯಂತೆ ಆ ಗದ್ದೆಯ ಮೂಲೆಯಲ್ಲೇ ಗುಣಿ ತೋಡಿದೆವು. ನಾನು ಟ್ರ್ಯಾಕ್ಟರ್ ತಿರುಗಿಸುತ್ತಿದ್ದ ಮೂಲೆ ಅದು. ಗೇಣು ಇಳಿಯುವಷ್ಟರಲ್ಲಿ ಗುದ್ದಲಿ ಠಣ್ ಎಂದಿತು. ಕಲ್ಲೇನೋ ಎಂದು ಕೆರೆದು ನೋಡಿದರೆ ಮಣ್ಣೇ. ಹಾರೆ ತರಿಸಿ, ನಾಲ್ಕು ಜನ ಸರದಿಯ ಮೇಲೆ ಹೊಡೆದು ಒಂದು ಗೇಣಿನ ಆ ಪದರವನ್ನು ಒಡೆದೆವು. ಅದರ ಕೆಳಗೆ ಕಪ್ಪು, ಮೆತ್ತನೆಯ, ತಣ್ಣನೆಯ ಮಣ್ಣು. ಅದರೊಳಗೆ ಎರೆಹುಳ ಮಿಸುಕಾಡುತ್ತಿದ್ದವು. ಅಲ್ಲಿಗೆ ಯಾರೋ ಬಾಗಿಲು ತೆಗೆದಂತಾಯಿತು. ಎಲ್ಲರೂ ಹಿಡಿ ಮಣ್ಣು ಹಾಕಿದರು. ನಾನೂ ಹಾಕಿದೆ, ಎಲ್ಲಿಯದೆಂದು ನೋಡದೆ ಹಾಕಿದೆ.

ಅದಾದ ಮೇಲೆ ನಿಮಗೂ ಕಾಣುತ್ತಿರಬೇಕು. ಇಡೀ ಗದ್ದೆಯಲ್ಲಿ ನೀರು ನಿಂತಾಗಲೂ ಆ ಮೂಲೆಯಲ್ಲಿ ನಿಲ್ಲುವುದಿಲ್ಲ. ಬೆಳ್ಳಕ್ಕಿಗಳು ಅಲ್ಲಿ ಮಾತ್ರ ಇಳಿಯುತ್ತವೆ. ಸಮಾಧಿಯ ಸುತ್ತ ಮೆಲ್ಲಗೆ ನಡೆಯುತ್ತವೆ, ಅದರಾಚೆಗೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಆ ದಾರಿ ಬಿಟ್ಟು ನಾನು ಸುತ್ತು ಹಾದಿ ಹಿಡಿದು ಎರಡು ವರ್ಷವಾಯಿತು.

ಮೊನ್ನೆ ನೀವು ಬಾಗಿಲಿಗೆ ಬಂದು ಹೇಳಿದಿರಿ, “ಈ ಸಲ ಮತ್ತೆ ಉದ್ದು ಆಕವ ಅಂತಿವ್ನಿ ಸಿವಣ್ಣ. ಅಪ್ಪನ್ನಂತೂ ನಂಬಿ ಕೆಟ್ವಿ. ನೀನೇ ಹದ ನೋಡಿ ಯೋಳು, ನೀನು ಯೋಳುದ್ರೆ ಸರಿ.” ನಿಮ್ಮ ಕೈಯಲ್ಲಿ ಮಣ್ಣಿತ್ತು. ನನ್ನ ಕಡೆ ಚಾಚಿದಿರಿ. ನಾನು ಕೈ ನೀಡಲಿಲ್ಲ, ತಲೆನೋವೆಂದು ಒಳಗೆ ಹೋದೆ. ಅದೂ ಸುಳ್ಳು.

ಈ ಕಾಗದ ನಿಮಗೆ ಸಮಾಧಾನ ಕೊಡುವುದಿಲ್ಲ ಎಂದು ಗೊತ್ತು. ಅಪ್ಪನಿಗೆ ಅಂದ ಮಾತು ಇನ್ನು ನಿಮ್ಮನ್ನು ಸುಡುತ್ತದೆ. ಆ ಬೆಂಕಿ ನನ್ನದು. ಕ್ಷಮಿಸಿ ಎಂದು ಕೇಳುತ್ತಿಲ್ಲ. ಊರವರ ಮುಂದೆ ಹೇಳು ಎಂದರೆ ಜಗಲಿಯ ಮೇಲೆ ನಿಂತು ಹೇಳುತ್ತೇನೆ. ಆ ಪದರವನ್ನು ಹಾರೆ ಹಿಡಿದು ಒಡೆಯಲು ಬಿಟ್ಟರೆ ಒಡೆಯುತ್ತೇನೆ, ಬರಬೇಡ ಎಂದರೆ ಆ ಬದು ತುಳಿಯುವುದಿಲ್ಲ.

ಆದರೆ ಹದ ಮಾತ್ರ ನನ್ನನ್ನು ಕೇಳಬೇಡಿ. ನಡುಗದ್ದೆಗೆ ನೀವೇ ಇಳಿಯಿರಿ. ಮಣ್ಣನ್ನು ನೀವೇ ಹಿಡಿಯಿರಿ. ಕೈ ಒಂದು ಹೇಳಿ, ಎದುರಿಗೆ ನಿಂತವನು ಇನ್ನೊಂದು ಹೇಳಿದರೆ — ಕೈಯನ್ನೇ ನಂಬಿ ಗೌರಕ್ಕ. ಅದು ಮಾದಪ್ಪ ದೊಡ್ಡಪ್ಪನ ಮಗಳ ಕೈ.