ಸೋಮಾರಿಯ ಕೆಳಗಿನ ಮಡಕೆ

ನಾನು ಬರೆದ ಅಂಕಣಗಳಲ್ಲಿ ಜನ ಮುಗಿಬಿದ್ದು ಓದಿದ್ದು ‘ಗುಹೆ ಮಾರಿದ ಭೂಪ’. ಅದರಲ್ಲಿ ನಿಜವಾಗಿದ್ದುದು ನಮ್ಮೂರು ಸಾಕ್‌ಲುಮ್‌ನ ಹೆಸರು ಮತ್ತು ಮೇಲಿನ ತಾರೀಖು, ಎರಡೇ. ಉಳಿದದ್ದೆಲ್ಲ ನನ್ನ ಸಿಟ್ಟು. ಸಿಟ್ಟಿಗೆ ವ್ಯಾಕರಣ ಚೆನ್ನಾಗಿ ಬರುತ್ತದೆ. ನಾನು ಶಾಲೆಗೆ ಹೋದದ್ದು ಮೂರೇ ವರ್ಷ, ಮಿಕ್ಕ ವ್ಯಾಕರಣವನ್ನೆಲ್ಲ ಕಲಿಸಿದ್ದು ಅದೇ ಸಿಟ್ಟು.

ಆ ಭೂಪ ದೋನ್ ನೆಮೆಸಿಯೊ ಉಯಿಕಾಬ್. ನನ್ನ ಮಗಳ ಜ್ಞಾನಸ್ನಾನದ ದಿನ ಅವಳನ್ನು ಎತ್ತಿ ಹಿಡಿದವರು. ಅಂದಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ‘ಕೊಂಪಾದ್ರೆ’. ಮೆಕ್ಸಿಕೊದ ನಮ್ಮ ಯುಕತಾನಿನಲ್ಲಿ ಒಡಹುಟ್ಟಿದವರು ಮಾತು ಬಿಡಬಹುದು, ಕೊಂಪಾದ್ರೆಗಳು ಬಿಡುವಂತಿಲ್ಲ. ನಾನೂ ಮಾತು ಬಿಡಲಿಲ್ಲ. ಅಚ್ಚು ಹಾಕಿಸಿದೆ.

ದೋನ್ ನೆಮೆಸಿಯೊಗೆ ಆಗ ಐವತ್ತೆಂಟು. ಹದಿನಾಲ್ಕು ಜೇನುಪೆಟ್ಟಿಗೆ, ಒಂದು ತುಂಡು ಜೋಳದ ಹೊಲ, ಕುತ್ತಿಗೆಯಲ್ಲಿ ಒಂದು ಬೀಗದಕೈ. ಆ ಬೀಗದಕೈ ಊರ ಹಿಂದಿನ ಗುಹೆಯ ಕಬ್ಬಿಣದ ಬಾಗಿಲಿನದು. ಮಳೆ ಕರೆಯುವ ಪೂಜೆಗೆ ನಮ್ಮಲ್ಲಿ ಬಾವಿಯ ನೀರು ನಡೆಯುವುದಿಲ್ಲ, ನಲ್ಲಿ ನೀರಂತೂ ಕೇಳಲೇಬೇಡಿ. ನೆಲ ಮುಟ್ಟದ, ಬಿಸಿಲು ಕಾಣದ ಗುಹೆಯ ಹನಿಯೇ ಆಗಬೇಕು. ‘ಸುಹುಯ್ ಹಾ’ ಅನ್ನುತ್ತೇವೆ, ಮೀಸಲು ನೀರು. ಪೂಜೆಗೆ ಒಂಬತ್ತು ದಿನ ಇರುವಾಗ ಸೋರೆಬುರುಡೆ ಇಡಬೇಕು, ಒಂಬತ್ತನೆಯ ದಿನ ತೆಗೆಯಬೇಕು. ಮೂರು ತಲೆಮಾರಿನಿಂದ ಅದನ್ನು ತರುವವರು ಉಯಿಕಾಬ್ ಮನೆಯವರು. ಬೇರೆ ಯಾವ ಕಾರಣಕ್ಕೂ ಈ ಊರು ಅವರ ಕಡೆ ತಿರುಗಿ ನೋಡಿದ್ದಿಲ್ಲ. ವರ್ಷಕ್ಕೊಂದು ದಿನ ಮಾತ್ರ ಅವರು ಬುರುಡೆ ಹಿಡಿದು ಬರುವಾಗ ಎಲ್ಲರೂ ಟೋಪಿ ತೆಗೆಯುತ್ತಾರೆ.

ಗುಹೆಯೊಳಗಿನ ಹನಿಗಳಿಗೆಲ್ಲ ಅವರು ಹೆಸರಿಟ್ಟಿದ್ದರು. ಬಿಡದೆ ತೊಟ್ಟಿಕ್ಕುವುದು ‘ಅತ್ತೆ’. ಮಳೆ ಬಂದ ಮರುದಿನವೇ ಜೋರಾಗುವುದು ‘ಚಾಡಿಕೋರ’. ಎಲ್ಲಕ್ಕಿಂತ ಒಳಗೆ, ತೆವಳಿಕೊಂಡು ಹೋಗಬೇಕಾದ ಕಡೆ ‘ಸೋಮಾರಿ’. ಒಂದು ಹನಿ ಬಿದ್ದ ಮೇಲೆ ಇನ್ನೊಂದು ಬೀಳುವುದರೊಳಗೆ ಒಂದು ಜಪಮಾಲೆ ಮುಗಿಸಬಹುದು. ಮೀಸಲು ನೀರು ಬರುವುದು ಇದರಿಂದ ಮಾತ್ರ. ಅದರ ಕೆಳಗೆ, ಹನಿ ಬಿದ್ದು ಬಿದ್ದು, ಮೊಳದುದ್ದದ ಕಲ್ಲೊಂದು ನೆಲದಿಂದ ಎದ್ದಿತ್ತು.

ಆ ಕಲ್ಲನ್ನು ಹುಡುಕಿಕೊಂಡು ಬಂದವರು ಮೆಕ್ಸಿಕೊ ನಗರದ ಡಾಕ್ಟರ್ ಅಂದ್ರಾದೆ. ಬಂದ ದಿನ ಊರಿನ ಅರ್ಧ ಜನ ಮೊಣಕಾಲು ತೋರಿಸಲು ಸಾಲು ನಿಂತಿದ್ದರು.

“ನಾನು ಕಲ್ಲಿನ ಡಾಕ್ಟರು, ತಾಯಿ,” ಎಂದು ಅವರು ಬೇಡಿಕೊಂಡರು.

“ನನ್ನ ಮಂಡಿಯೂ ಕಲ್ಲೇ ಆಗಿದೆ, ನೋಡಿ ಸ್ವಲ್ಪ,” ಎಂದಳು ನೆಮೆಸಿಯೊ ಅವರ ಹೆಂಡತಿ ದೋನ್ಯಾ ಎಲಿಹಿಯಾ.

ಹನಿಗಲ್ಲು ಪದರ ಪದರವಾಗಿ ಬೆಳೆಯುತ್ತದಂತೆ. ಮಳೆ ಚೆನ್ನಾಗಿದ್ದ ವರ್ಷದ ಪದರ ಒಂದು ಬಗೆ, ಬರಗಾಲದ್ದು ಇನ್ನೊಂದು ಬಗೆ, ಕೆಲವೊಮ್ಮೆ ಬೆಳೆಯುವುದೇ ನಿಂತುಬಿಡುತ್ತದಂತೆ. ಅದನ್ನು ಉದ್ದುದ್ದ ಸೀಳಿದರೆ ನಮ್ಮ ಹಳೆಯ ಪಟ್ಟಣಗಳು ಪಾಳುಬಿದ್ದ ಕಾಲದ ಮಳೆಯನ್ನೂ ಓದಬಹುದಂತೆ. ಇದೆಲ್ಲ ಅವರು ಊರಸಭೆಯಲ್ಲೇ ಹೇಳಿದ್ದರು. ನಾನು ಹೋಗಿರಲಿಲ್ಲ. ಸಭೆಗೆ ಹೋದರೆ ವಿಷಯ ತಿಳಿದುಬಿಡುತ್ತದೆ, ವಿಷಯ ತಿಳಿದರೆ ಅಂಕಣ ಸಪ್ಪೆಯಾಗುತ್ತದೆ.

ನಾನು ಕಂಡದ್ದು ಇಷ್ಟೇ: ಕಂಬಳಿ ಸುತ್ತಿದ ಕಲ್ಲೊಂದು ಜೀಪು ಹತ್ತಿತು, ಮರುದಿನ ನೆಮೆಸಿಯೊ ಕಾಲಲ್ಲಿ ಹೊಸ ಬೂಟು. ಸಾಕಲ್ಲ! ನನ್ನ ಸೈಕಲ್ ರಿಪೇರಿ ಅಂಗಡಿಯ ಬಾಗಿಲು ಹಾಕಿ ಕೂತು, ಒಂದೇ ಏಟಿಗೆ ಬರೆದೆ. ‘ದೇವರ ನೀರನ್ನು ಬೂಟಿಗೆ ಅದಲು ಬದಲು ಮಾಡಿದ ಕಾವಲುಗಾರ.’ ನೆಲದೊಳಗಿನ ನೀರಿಗೆ ದಿನವೂ ಕೊಳಚೆ ಬಿಡುವ ಹಂದಿ ಸಾಕಣೆಯವರ ಬಗ್ಗೆ ನಾನು ಒಂದು ಸಾಲೂ ಬರೆದಿರಲಿಲ್ಲ. ಅವರ ಬೂಟು ನನಗೆ ಕಾಣುವುದಿಲ್ಲ, ಅವರ ವಕೀಲರು ಕಾಣುತ್ತಾರೆ. ಕೊಂಪಾದ್ರೆಗೆ ವಕೀಲರಿರಲಿಲ್ಲ.

ಅಂಕಣ ಕೆಲಸ ಮಾಡಿತು. ಅವರ ಕುತ್ತಿಗೆಯಿಂದ ಬೀಗದಕೈ ತೆಗೆಸಬೇಕೆಂದು ಊರಸಭೆ ಕರೆದರು. ನನ್ನ ಬರಹದಿಂದ ಜಗತ್ತಿನಲ್ಲಿ ಏನಾದರೂ ಅಲುಗಾಡಿದ್ದು ಅದೇ ಮೊದಲು. ನಾನು ಎರಡು ದಿನ ಎದೆ ಸೆಟೆಸಿ ಪಂಕ್ಚರ್ ಹಾಕಿದೆ.

ಮೂರನೆಯ ದಿನ ಅವರೇ ಅಂಗಡಿಗೆ ಬಂದರು.

“ಕೊಂಪಾದ್ರೆ, ಪುರುಸೊತ್ತಿದ್ಯಾ?”

“ಜಗಳಕ್ಕಾದ್ರೆ ಇದೆ.”

“ಜಗಳಕ್ಕಲ್ಲ. ಒಂದು ಕಾಗದ ಬರೀಬೇಕಿತ್ತು.”

“ಯಾರ ಮೇಲೆ ದೂರು? ನನ್ನ ಮೇಲಾ?”

“ನಿಮ್ಮ ಮೇಲಿನ ದೂರನ್ನ ನಿಮ್ಮ ಹತ್ರಾನೇ ಬರೆಸ್ತೀನಾ?” ಎಂದವರು ಸ್ವಲ್ಪ ಯೋಚಿಸಿದರು. “ಬರೆಸ್ತಿದ್ನೋ ಏನೋ. ಊರಲ್ಲಿ ಇನ್ಯಾರು ಬರೀತಾರೆ?”

ಅವರು ಬೂಟು ಕಳಚಿ ಬೆರಳು ಉಜ್ಜಿಕೊಂಡರು. ಡಾಕ್ಟರ ಸಹಾಯಕನಿಗೆ ಬಿಗಿಯಾಗುತ್ತದೆಂದು ಬಿಟ್ಟುಹೋದ ಬೂಟು, ಇವರಿಗೂ ಬಿಗಿಯೇ. ಕೊಟ್ಟದ್ದನ್ನು ಹಾಕಿಕೊಳ್ಳದಿದ್ದರೆ ಬೇಜಾರಾಗುತ್ತಾರೆಂದು ನೋವು ನುಂಗಿಕೊಂಡು ಓಡಾಡುತ್ತಿದ್ದರು. ನಾನು ನೆಲ ನೋಡಿದೆ. ನೆಲದ ಮೇಲೂ ಆ ಬೂಟೇ ಇತ್ತು.

ಆಮೇಲೆ ಅವರು ಒಂದು ಫೋಟೊ ತೆಗೆದರು. ಡಾಕ್ಟರು ಕಳಿಸಿದ್ದು: ಸೀಳಿ ನುಣುಪು ಮಾಡಿದ ಸೋಮಾರಿಯ ಕಲ್ಲು. ತುದಿಗೆ ಹತ್ತಿರ ಕೂದಲೆಳೆಯಷ್ಟು ಕೆಂಪು ಗೆರೆ. ಜೊತೆಗಿದ್ದ ಕಾಗದವನ್ನು ಓದಿ ಹೇಳಿದೆ: ‘1931ರಿಂದ 1958ರವರೆಗೆ ಕಲ್ಲು ಬೆಳೆದಿಲ್ಲ. ಭಾರೀ ಬರ ಇದ್ದಿರಬೇಕು. ಕೆಂಪು ಗೆರೆ ಬಹುಶಃ ಒಣಗಾಳಿ ತಂದ ಧೂಳು.’

“ಬರ ಇರ್ಲಿಲ್ಲ ಕೊಂಪಾದ್ರೆ. ನಮ್ಮಪ್ಪ ಜೋಳ ಬೆಳೆದು ಮದುವೆ ಆಗಿದ್ದೇ ಆಗ.”

“ಮತ್ತೆ ಆ ಕೆಂಪು?”

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಮಡಕೆ.”

“ಯಾವ ಮಡಕೆ?”

“ನಮ್ಮ ತಾತಂದು. ಅವ್ರಿಗೆ ಸೊಂಟ ನೋವು. ಒಂಬತ್ತು ದಿನಕ್ಕೆ ಅರ್ಧ ಬುರುಡೆನೂ ತುಂಬ್ತಿರ್ಲಿಲ್ಲ, ಪೂಜಾರಿ ಬೈತಿದ್ರು. ಒಂದು ಮಣ್ಣಿನ ಮಡಕೆ ತಗೊಂಡು ಹೋಗಿ ಕಲ್ಲಿನ ತಲೆ ಮೇಲೆ ಕೂರಿಸಿ ಬಂದ್ಬಿಟ್ರು. ವರ್ಷಪೂರ್ತಿ ಅಲ್ಲೇ. ಪೂಜೆ ದಿನ ಹೋಗಿ ಬಗ್ಗಿಸ್ಕೊಂಡು ಬರೋದು. ತಾತ ಸತ್ತ ಮೇಲೆ ನಮ್ಮಪ್ಪ ನಾಚಿಕೆಯಾಗಿ ತೆಗೆಯೋಕೆ ಹೋದ್ರೆ ಅದು ಕಚ್ಚಿಕೊಂಡಿತ್ತು. ಕತ್ತೀಲಿ ಎಬ್ಬಿಸಿದ್ರು, ತಳ ಅಲ್ಲೇ ಉಳೀತು.”

ಇಪ್ಪತ್ತೇಳು ವರ್ಷ ಮೀಸಲು ನೀರೆಂದು ಊರು ತಲೆಬಾಗಿದ್ದು ವರ್ಷವಿಡೀ ನಿಂತ ನೀರಿಗೆ. ಮಳೆ ಕರೆಯಲು ಇಟ್ಟ ಮಡಕೆ ಕಲ್ಲಿನೊಳಗೆ ಬರಗಾಲ ಬರೆದಿತ್ತು. ಈಚಿನ ವರ್ಷಗಳ ಪದರ ನೋಡಿಕೊಂಡೇ ಹಳೆಯ ಪದರಗಳ ಬರವನ್ನು ಅಳೆಯುವುದೆಂದು ಡಾಕ್ಟರ ಕಾಗದದಲ್ಲಿತ್ತು. ಅಂದರೆ ಸಾವಿರ ವರ್ಷದ ಹಿಂದಿನ ಪಟ್ಟಣಗಳ ಬಾಯಾರಿಕೆಯೂ ಈಗ ತಾತನ ಸೊಂಟನೋವಿನ ಲೆಕ್ಕದಲ್ಲಿ!

“ಇದನ್ನ ಬರೆದ್ರೆ ಬೀಗದಕೈ ನಿಜಕ್ಕೂ ಹೋಗುತ್ತೆ,” ಎಂದೆ.

“ಗೊತ್ತು.”

“ಯಾರಿಗೂ ಗೊತ್ತಾಗಲ್ಲ, ಸುಮ್ನಿದ್ಬಿಡಿ.”

“ಆಗದೇ ಇರೋ ಬರ ಆಯ್ತು ಅಂತ ಕಲ್ಲಿನ ಹೆಸರಲ್ಲಿ ಬರೀತಾರಲ್ಲ? ಸೋಮಾರಿ ಪಾಪ ಸುಳ್ಳು ಹೇಳಿಲ್ಲ. ಬಾಯಿಗೆ ಮಡಕೆ ಮುಚ್ಚಿದ್ದು ನಾವು.”

ಡಾಕ್ಟರಿಗೆ ಕಾಗದ ಬರೆದೆ. ಮೂರು ಹಾಳೆ ಹರಿದು ಹಾಕಿದೆ. ಸಿಟ್ಟಿಲ್ಲದೆ ಬರೆದು ಅಭ್ಯಾಸವಿರಲಿಲ್ಲ.

ಕಾಗದ ಸಿಕ್ಕಿ ಭಾನುವಾರದ ಸಭೆಗೆ ಡಾಕ್ಟರೂ ಬಂದರು. ಊರ ಮುಖಂಡ ದೋನ್ ವೆನ್ಸೆಸ್ಲಾವೊ ನನ್ನ ಅಂಕಣವನ್ನು ಗಟ್ಟಿಯಾಗಿ ಓದಿಸಿದರು. ಡಾಕ್ಟರು ಎದ್ದು ಒಂದು ಕಾಗದ ತೋರಿಸಿದರು. ಕಲ್ಲು ಒಯ್ಯಲು ಒಪ್ಪಿಗೆ. ಕೆಳಗೆ ಊರಸಭೆಯ ಮೊಹರು, ದೋನ್ ವೆನ್ಸೆಸ್ಲಾವೊ ಅವರದೇ ಸಹಿ.

“ಓದದೇ ಮೊಹರು ಒತ್ತಿದ್ರಾ?” ಹಿಂದಿನಿಂದ ಯಾರೋ ಕೇಳಿದರು.

“ಇವ್ರು ಕೇಳದೇ ಬರೆದಿಲ್ವಾ?” ಎಂದು ಮುಖಂಡರು ನನ್ನತ್ತ ಬೆರಳು ಮಾಡಿದರು. ನಗೆ ಎದ್ದಿತು. ನನ್ನ ಜೀವಮಾನದ ಅಂಕಣ ಐದು ನಿಮಿಷವೂ ಬಾಳಲಿಲ್ಲ.

ಅಲ್ಲಿಗೆ ಮುಗಿಯಬಹುದಿತ್ತು. ನೆಮೆಸಿಯೊ ಎದ್ದು ನಿಂತರು. ನಾನು ಅವರ ಅಂಗಿ ಹಿಡಿದು ಎಳೆದೆ.

“ಕೂತ್ಕೊಳ್ಳಿ ಕೊಂಪಾದ್ರೆ, ಗೆದ್ದಿದೀರಿ!”

“ಅಂಗಿ ಬಿಡಿ, ಹರಿಯುತ್ತೆ.”

ಮಡಕೆಯ ಕತೆಯನ್ನು ಅವರು ಪೂರ್ತಿ ಹೇಳಿದರು. ತಾತನ ಸೊಂಟನೋವನ್ನೂ ಹೇಳಿದರು, ನೆಪವಾಗಿ ಹೇಳಲಿಲ್ಲ. ಕೊನೆಗೆ ಕುತ್ತಿಗೆಯ ದಾರ ಬಿಚ್ಚಿ ಬೀಗದಕೈಯನ್ನು ಮೇಜಿನ ಮೇಲಿಟ್ಟರು. ಡಾಕ್ಟರು ಮಾತ್ರ ಒಬ್ಬರೇ ಮುಖ ಅರಳಿಸಿಕೊಂಡು ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು, ಆಮೇಲೆ ಸುತ್ತ ನೋಡಿ ಪೆನ್ನು ಒಳಗಿಟ್ಟರು.

“ನಮ್ಮಪ್ಪ ಸಾಯೋ ವರ್ಷಾನೂ ಹಳಸಲು ನೀರೇ ಇಟ್ಟು ಬೇಡಿದ್ನಾ?” ದೋನ್ ವೆನ್ಸೆಸ್ಲಾವೊ ಮೇಜು ಬಿಟ್ಟು ಎದ್ದರು.

“ಹೌದು, ದೋನ್ ವೆನ್ಸೆ.”

“ಆದ್ರೆ ಮಳೆ ಬಂತಲ್ಲ! ಬರ ಇರ್ಲಿಲ್ಲ ಅಂತ ಇವ್ರೇ ಹೇಳ್ತಾ ಇದಾರೆ,” ಎಂದಳು ದೋನ್ಯಾ ಎಲಿಹಿಯಾ. “ಮಳೆದೇವರು ಅದನ್ನೇ ಕುಡಿದು ಸುಮ್ನಿದ್ದ. ನೀವ್ಯಾಕೆ ಕುಣೀತೀರಿ?”

ಎರಡು ಗಂಟೆ ವಾದ ನಡೆಯಿತು. ಕಡೆಗೆ ಬೀಗದಕೈಯನ್ನು ನೆಮೆಸಿಯೊಗೇ ಕೊಟ್ಟರು, ಒಂದು ಷರತ್ತಿನ ಮೇಲೆ. ಈ ವರ್ಷ ಒಂಬತ್ತು ದಿನವೂ ಪಕ್ಕದಲ್ಲಿ ಒಬ್ಬ ಸಾಕ್ಷಿ ಕೂರಬೇಕು, ಬುರುಡೆ ಇಟ್ಟದ್ದನ್ನೂ ತೆಗೆದದ್ದನ್ನೂ ಬರೆದುಕೊಡಬೇಕು. ಸಾಕ್ಷಿ ಯಾರೆಂದು ಯಾರೂ ಕೇಳಲಿಲ್ಲ. ಗುಹೆಯ ಸಂದಿಯಲ್ಲಿ ಹಿಡಿಸುತ್ತದೋ ಇಲ್ಲವೋ ಎಂದು ಎಲ್ಲರೂ ಕಣ್ಣಲ್ಲೇ ನನ್ನ ಹೊಟ್ಟೆಯನ್ನು ಅಳೆಯುತ್ತಿದ್ದರು.

ಸೋಮಾರಿಯತ್ತ ತೆವಳುವಾಗ ಹೊಟ್ಟೆ ಎರಡು ಕಡೆ ಸಿಕ್ಕಿಹಾಕಿಕೊಂಡಿತು. ನೆಮೆಸಿಯೊ ಮುಂದಿನಿಂದ ಎಳೆದರು, “ಉಸಿರು ಬಿಡಿ ಕೊಂಪಾದ್ರೆ, ಅಂಕಣ ಬರೆಯೋವಾಗ ಬಿಡ್ತೀರಲ್ಲ ಹಾಗೆ.” ಕಲ್ಲು ಕತ್ತರಿಸಿದ ಬುಡದ ಮೇಲೆ ಅವರು ಬುರುಡೆ ಇಟ್ಟರು. ಹನಿ ಬಿತ್ತು. ನಾನು ಇನ್ನೊಂದಕ್ಕೆ ಕಾದೆ. ಬೈಯಲು ಯಾರೂ ಇಲ್ಲದ ಕತ್ತಲಲ್ಲಿ ಒಂಬತ್ತು ದಿನ, ಜೋಳದ ಹಿಟ್ಟು ಕಲಸಿದ ನೀರು ಕುಡಿದುಕೊಂಡು. ಐದನೆಯ ದಿನ ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ತುಟಿಯ ಮೇಲೆ ಬೆರಳಿಟ್ಟರು. ಹನಿ ಬೀಳುವ ಹೊತ್ತಾಗಿತ್ತು.

ಒಂಬತ್ತನೆಯ ಬೆಳಿಗ್ಗೆ ಗುಹೆಯ ಬಾಗಿಲಲ್ಲಿ ಊರೆಲ್ಲ ನಿಂತಿತ್ತು. ನಾನು ಚೀಟಿ ಕೊಟ್ಟೆ. ದೋನ್ ವೆನ್ಸೆಸ್ಲಾವೊ ಓದಿದರು: ‘ಒಂಬತ್ತು ದಿನ. ಅರ್ಧ ಬುರುಡೆಗೆ ಎರಡು ಬೆರಳು ಕಡಿಮೆ. ಕಣ್ಣಾರೆ ಕಂಡಿದ್ದೇನೆ.’ ಚೀಟಿಯ ಹಿಂದೆಯೂ ತಿರುಗಿಸಿ ನೋಡಿದರು.

“ಇಷ್ಟೇನಾ?”

“ಇಷ್ಟೇ ನೋಡಿದ್ದು.”

ಅವರು ಟೋಪಿ ತೆಗೆದು ದಾರಿ ಬಿಟ್ಟರು. ನೆಮೆಸಿಯೊ ಬರಿಗಾಲಲ್ಲಿ, ಬುರುಡೆಯನ್ನು ಎದೆಗೆ ಹಿಡಿದು, ಅಷ್ಟು ಕಡಿಮೆ ನೀರನ್ನು ಒಂದು ಹನಿಯೂ ಚೆಲ್ಲದಂತೆ ಪೂಜೆಯ ಕಡೆ ನಡೆದರು.