ಕುದುರೆಗೆ ಬಂದದ್ದು ಯಜಮಾನರ ತಲೆಗೆ

ನಮ್ಮ ತುಮಕೂರಿನ ಮನೆಯ ಬಚ್ಚಲ ಕಿಟಕಿಯಲ್ಲಿ, ಹಲ್ಲುಜ್ಜುವ ಬ್ರಶ್ಶುಗಳಿಗೂ ಸೀಗೆಪುಡಿಯ ಡಬ್ಬಿಗೂ ನಡುವೆ, ಒಂದು ಟ್ರಿಮ್ಮರ್ ಇದೆ. ಗುಂಡಿ ಒತ್ತಿದರೆ ಕಣಜದಂತೆ ಗುಂಯ್ ಎನ್ನುವ ಈ ಯಂತ್ರ ಹೆಸರಿಗೆ ನಮ್ಮ ಯಜಮಾನರದು. ಹಿಡಿಯುವ ಕೈ ಮಾತ್ರ ನನ್ನದು. ನೆತ್ತಿ ಎಂದೋ ಬಯಲಾಗಿ, ಹಿಂದುಗಡೆ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಕೆರೆ ಏರಿಯ ಹುಲ್ಲಿನಷ್ಟು ಕೂದಲು ಉಳಿಸಿಕೊಂಡವರಿಗೆ ಕ್ಷೌರದಂಗಡಿಯ ಕನ್ನಡಿಯೆದುರು ಕೂರಲು ಸಂಕೋಚ. ಆದ್ದರಿಂದ ಭಾನುವಾರ ಹಿತ್ತಲಲ್ಲಿ ಪ್ಲಾಸ್ಟಿಕ್ ಸ್ಟೂಲ್ ಹಾಕಿ, ಹೆಗಲಿಗೆ ಹಳೇ ಟವೆಲ್ ಹೊದಿಸಿ, "ಕತ್ತು ಬಗ್ಗಿಸ್ರೀ" ಎನ್ನುತ್ತೇನೆ. ಅವರು ಬಗ್ಗಿಸುತ್ತಾರೆ, ನಾನು ಓಡಿಸುತ್ತೇನೆ. ಹೇಗೆ ಬೇಕು ಎಂದು ಅವರನ್ನು ಕೇಳಬಹುದಲ್ಲ ಎಂಬ ಯೋಚನೆ ನನಗೆ ಬಂದದ್ದು, ನಗಬೇಡಿ, ಒಂದು ಕುದುರೆಯ ದೆಸೆಯಿಂದ.

ನನ್ನ ಅಣ್ಣನ ಮಗ ಚೇತನ್‌ಗೆ ಗುಬ್ಬಿಯ ಹುಡುಗಿಯೊಂದಿಗೆ ಮದುವೆ ಗೊತ್ತಾಗಿತ್ತು, ಹೆಸರು ಸ್ಫೂರ್ತಿ. ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ, ತಲೆಕೂದಲಿಗೆ ಜೆಲ್ ಹಚ್ಚದೆ ಗೇಟು ದಾಟದ ಈ ಹುಡುಗ ಮಂಟಪಕ್ಕೆ ಕುದುರೆಯೇರಿ ಬರುತ್ತೇನೆಂದಾಗ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ನಮ್ಮ ವಂಶವನ್ನು ನೋಡಿಯೇ ಹುಟ್ಟಿರಬೇಕು. ಆದರೆ ಅವನು ಮೊಬೈಲಿನಲ್ಲಿ ಯಾವುದೋ ದೇಶದ ಕುದುರೆಗಳನ್ನು ನೋಡಿಬಿಟ್ಟಿದ್ದ. ಮೈಕೂದಲನ್ನೇ ಯಂತ್ರದಿಂದ ಕತ್ತರಿಸಿ ಹೂವು, ಬಳ್ಳಿ, ನಕ್ಷತ್ರ ಬಿಡಿಸಿದ್ದರಂತೆ. ನನಗೇನೋ ಅವು ನಡೆದಾಡುವ ಜಮಖಾನೆಗಳಂತೆ ಕಂಡವು. ತನ್ನ ಕುದುರೆಯ ಹಿಂದೊಡೆಯ ಮೇಲೂ ಒಂದು ಹೃದಯ, ಅದರೊಳಗೆ ಇಬ್ಬರ ಹೆಸರಿನ ಮೊದಲಕ್ಷರ ಬರಲೇಬೇಕೆಂದು ಹಟ ಹಿಡಿದ. "ಅತ್ತೆ, ಒಂದು ಸರ್‌ಪ್ರೈಸ್ ಇದೆ ಅಂತ ಸ್ಫೂರ್ತಿಗೆ ಮಾತು ಕೊಟ್ಬಿಟ್ಟಿದೀನಿ, ಈಗ ಇಲ್ಲ ಅಂದ್ರೆ ನನ್ನ ಮರ್ಯಾದೆ ಏನಾಗ್ಬೇಕು?" ಎಂದು ಅವನು ಕೇಳಿದ ರೀತಿ ನೋಡಿದರೆ ಮುಂದಿನ ದಾಂಪತ್ಯವೆಲ್ಲ ಆ ಕುದುರೆಯ ತೊಡೆಯ ಮೇಲೆಯೇ ನಿಂತಂತಿತ್ತು.

ಮದುವೆಗೆ ಎರಡು ದಿನ ಮುಂಚೆ ನಾನು, ಯಜಮಾನರು, ಚೇತನ್ ಮೂವರೂ ಬಾಡಿಗೆಗೆ ಗೊತ್ತುಮಾಡಿದ್ದ ಕುದುರೆಯನ್ನು ನೋಡಲು ಕುಣಿಗಲ್‌ಗೆ ಹೋದೆವು. ಹೊಂಗೆಮರದ ಕೆಳಗೆ ಚಂಪಾ ನಿಂತಿದ್ದಳು. ಬಿಳಿ ಕುದುರೆ, ಒದ್ದೆ ಕಣ್ಣು, ಮೆಹೆಂದಿ ಹಚ್ಚಿದ ಕಿತ್ತಳೆ ಬಾಲ. ಅವಳ ಮಾಲೀಕ ರಂಗಪ್ಪನ ಮೀಸೆಯೂ ಅದೇ ಕಿತ್ತಳೆ; ಎರಡಕ್ಕೂ ಒಂದೇ ಬಟ್ಟಲಿನಲ್ಲಿ ಕಲಸಿದ್ದರೆಂದು ಕಾಣುತ್ತದೆ. ಚೇತನ್ ಮೊಬೈಲ್ ತೋರಿಸಿದ. ರಂಗಪ್ಪನಿಗೂ ಹುಮ್ಮಸ್ಸು ಬಂತು.

"ಹಾರ್ಟ್ ತಾನೆ? ಕೂದ್ಲು ತೆಗ್ಯೋ ಮಿಷನ್ ನನ್ತಾವೇ ಐತೆ. ಕೆತ್ತಾಕ್ಬುಡ್ತೀನಿ ಬುಡಿ" ಎಂದು ಒಳಗಿಂದ ಯಂತ್ರ ತಂದೇಬಿಟ್ಟ.

ಯಂತ್ರ ಗುಂಯ್ ಎಂದಿತು. ಇನ್ನೂ ಮೈಗೆ ತಾಗಿರಲಿಲ್ಲ, ಅಷ್ಟರಲ್ಲೇ ಚಂಪಾಳ ತೊಡೆಯ ಚರ್ಮ ಜುಂ ಎಂದು ಅದುರಿತು. ಮೈಮೇಲೆ ನೊಣ ಕೂತರೆ ಕುದುರೆ ಆ ಜಾಗವನ್ನಷ್ಟೇ ಅದುರಿಸುತ್ತದಲ್ಲ, ಹಾಗೆ. ಅವಳು ಒಂದು ಹೆಜ್ಜೆ ಆಚೆ ಸರಿದಳು. ರಂಗಪ್ಪ ಹತ್ತಿರ ಹೋದ, ಮತ್ತೆ ಅದುರು, ಮತ್ತೆ ಸರಿದಳು. ಒದೆಯಲಿಲ್ಲ, ಕಚ್ಚಲಿಲ್ಲ, ಬೇಡದ ಸಂಬಂಧ ತಂದ ದಲ್ಲಾಳಿಯಿಂದ ದೂರ ಸರಿಯುವ ಹುಡುಗಿಯಂತೆ ಮರ್ಯಾದೆಯಿಂದಲೇ ಸರಿಯುತ್ತಿದ್ದಳು. ನನಗೆ ಸಿಟ್ಟು ಬಂತು. "ಅದು ಬೇಡ ಅಂತಿದೆ ಕಣಪ್ಪಾ!" ಎಂದೆ.

"ಅತ್ತೆ, ಕೂದ್ಲಿಗೇನು ನೋವಾಗುತ್ತಾ?" ಎಂದ ಚೇತನ್.

ಮಿತ್ರರೇ, ಪ್ರಶ್ನೆ ಬಾಲಿಶವೆಂದು ತಳ್ಳಿಹಾಕುವಂತಿರಲಿಲ್ಲ. ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಬಣ್ಣ ಬಳಿದು ಬಲೂನು ಕಟ್ಟಿ ಕಿಚ್ಚು ಹಾಯಿಸುವ ಜನ ನಾವು. ಹಸುಗೂಸಿನ ಜವಳ ತೆಗೆಸಿ, ಅದು ಮುಗಿಲು ಹರಿಯುವಂತೆ ಅರಚುತ್ತಿರುವಾಗ ಪಾಯಸ ಬಡಿಸಿಕೊಳ್ಳುವವರು. ಹುಬ್ಬಿನ ಕೂದಲನ್ನು ದಾರದಲ್ಲಿ ಕೀಳಿಸಿಕೊಂಡು, ಕಣ್ಣೀರಿಡುತ್ತಲೇ ದುಡ್ಡು ಕೊಟ್ಟು ಬರುವ ನಾನು ಯಾವ ಬಾಯಲ್ಲಿ ಉಪದೇಶ ಮಾಡಲಿ? ಆದರೂ ಪಾರ್ಲರಿಗೆ ನನ್ನನ್ನು ಯಾರೂ ಹಗ್ಗ ಹಾಕಿ ಎಳೆದೊಯ್ಯುವುದಿಲ್ಲ. ಕುದುರೆಯ ಮೈ ತಿಕ್ಕಿ ಗೊರಸು ಸವರುವುದು ಕುದುರೆಗಾಗಿ. ಅದರ ಕೂದಲಿಗೂ ಕೆಲಸವಿದೆ, ಬಿಸಿಲು ತಡೆಯುವುದು, ಚಳಿ ತಡೆಯುವುದು, ನೊಣವನ್ನು ಚರ್ಮದಿಂದ ಒಂದಿಷ್ಟು ದೂರವಿಡುವುದು. ಅದನ್ನು ಕಿತ್ತುಕೊಂಡು ಆ ಜಾಗದಲ್ಲಿ ನಮ್ಮ ಪ್ರೇಮಪತ್ರ ಬರೆಯುವುದು ಯಾರಿಗಾಗಿ? ಹೂವಿನ ಹಾರವಾದರೆ ಸಂಜೆಗೆ ತೆಗೆಯಬಹುದು, ಚಂಪಾ ಅದರಲ್ಲಿ ಅರ್ಧ ತಿನ್ನಲೂಬಹುದು. ಬೋಳಿಸಿದ ಹೃದಯ ಹಾಗಲ್ಲ. ಮುಂದಿನ ವಾರ ಬೇರೆ ಯಾವನೋ ಮದುಮಗ ಅವಳನ್ನೇರಿ ಹೊರಟಾಗಲೂ ನಮ್ಮ ಚೇತನ್ ಮತ್ತು ಸ್ಫೂರ್ತಿಯರೇ ಹಿಂದಿನಿಂದ ಹಣಕುತ್ತಿರುತ್ತಾರೆ. ಆ ಮದುವೆ ನಿಂತುಹೋದರೆ ಪಾಪ ಯಾರಿಗೆ?

ಇದನ್ನೆಲ್ಲ ಅಷ್ಟೇ ಉದ್ದಕ್ಕೆ ಹೇಳಿದೆ. ಚೇತನ್ ಮುಖ ಊದಿಸಿಕೊಂಡ. ರಂಗಪ್ಪ "ಅದ್ಕೇನೂ ಆಗಲ್ಲ ಕಣಮ್ಮ" ಎಂದ. "ನಿಂಗೆ ಹೇಳ್ತಾ ಅದು?" ಎಂದು ನಾನು ದನಿಯೇರಿಸಿದೆ. ಆಗ ನಮ್ಮ ಯಜಮಾನರು ಕೆಮ್ಮಿದರು. ಜಗಳವಾಡುವವರ ನಡುವೆ ತಾವು ಹೋಗಿ ನಿಂತು ಇಬ್ಬರ ಏಟನ್ನೂ ತಿನ್ನುವುದು ಅವರ ಹುಟ್ಟುಗುಣ.

"ನೋವಾಗುತ್ತೋ ಇಲ್ವೋ ನಾನೇ ನೋಡಿ ಹೇಳ್ತೀನಿ. ಮೊದ್ಲು ನನ್ನ ತಲೆ ಮೇಲೆ ಬರಿಯಪ್ಪಾ" ಎಂದು ಅಲ್ಲೇ ಇದ್ದ ಹುಲ್ಲಿನ ಹೊರೆಯ ಮೇಲೆ ಕೂತು ಕತ್ತು ಬಗ್ಗಿಸಿದರು.

ನಾನು ಅಯ್ಯೋ ಎನ್ನುವುದರೊಳಗೆ ರಂಗಪ್ಪ, ಕಲಾವಿದನಿಗೆ ಬೇಕಾದದ್ದು ಗೋಡೆ, ಯಾರ ಗೋಡೆಯಾದರೇನು ಎಂಬಂತೆ, ಕೆಲಸ ಶುರು ಮಾಡಿಯೇಬಿಟ್ಟ. ಇದ್ದಬದ್ದ ಕೂದಲಿನಲ್ಲಿ ಒಂದು ಹೃದಯ ಮೂಡಿತು. ಅದರೊಳಗೆ 'ಚೇ' ಮೂಡಿತು. ಚಂಪಾ ಕತ್ತು ಚಾಚಿ ಆ ತಲೆಯನ್ನು ಮೂಸಿ, ಫುರ್ರೆಂದು ಮೂಗಿನಿಂದ ಗಾಳಿ ಬಿಟ್ಟಳು. ಚೇತನ್ ಆ ಕಡೆಯಿಂದ, ಈ ಕಡೆಯಿಂದ ನೋಡಿದ. ಅವನ ಮುಖ ಬಾಡಿತು.

"ನೋವೇನಿಲ್ಲ ಕಣೋ" ಎಂದರು ಯಜಮಾನರು.

"ಸಾಕು ನಿಲ್ಸಿ ಮಾವ. ಇಷ್ಟು ಅಸಹ್ಯವಾಗಿರುತ್ತೆ ಅಂತ ಗೊತ್ತಿರ್ಲಿಲ್ಲ."

ಧರ್ಮ ಗೆದ್ದಿತೆಂದು ನಾನು ಸುಳ್ಳು ಹೇಳಲಾರೆ. ನನ್ನ ಭಾಷಣವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗಿ, ಚಂಪಾಳ ತೊಡೆಯನ್ನು ಉಳಿಸಿದ್ದು ನಮ್ಮವರ ತಲೆಯ ವಿಕಾರ. ಲೋಕದಲ್ಲಿ ಎಷ್ಟೋ ಒಳ್ಳೆಯ ಕೆಲಸಗಳು ಹೀಗೆ ಬೇರೆ ಕಾರಣಕ್ಕೇ ನಡೆದುಹೋಗುತ್ತವೆಯೋ ಏನೋ. ಬೋಳಾಗದ ಚಂಪಾ ಮದುವೆಯ ಬೆಳಿಗ್ಗೆ ಸೇವಂತಿಗೆ ಹಾರ ಹಾಕಿಕೊಂಡು ಗುಬ್ಬಿಯ ಬೀದಿಯಲ್ಲಿ ಮದುಮಗನಿಗಿಂತ ಚೆಂದ ಕಂಡಳು.

ಯಜಮಾನರಿಗೆ ಪೇಟ ಸುತ್ತಿಸಿದ್ದೆ. ಹಾಳಾದ ಪೇಟ! ಆಶೀರ್ವಾದ ಮಾಡಲು ಬಂದಿದ್ದ ಗುರುಗಳ ಪಾದಕ್ಕೆ ನಮಸ್ಕರಿಸಲು ಬಗ್ಗಿದಾಗ ಉರುಳಿತು. ವೀಡಿಯೋದವನು ಸರಿಯಾಗಿ ಆಗಲೇ ಕ್ಯಾಮೆರಾ ಹತ್ತಿರ ತಂದ. ಮಂಟಪದ ದೊಡ್ಡ ಪರದೆಯ ಮೇಲೆ ಬಾಗಿಲಿನಷ್ಟು ಎತ್ತರದ ಹೃದಯವೂ 'ಚೇ' ಎಂಬ ಅಕ್ಷರವೂ ಬೆಳಗಿದವು. ಸಭೆಯೆಲ್ಲ ಗೊಳ್ಳೆಂದಿತು. ನನಗೆ ನೆಲ ಬಿರಿಯಬಾರದೇ ಎನಿಸಿತು. ಬೆಳಗಿನಿಂದ ತಲೆಯೆತ್ತದೆ ಕೂತಿದ್ದ ಮದುಮಗಳು ಮಾತ್ರ ಪರದೆ ನೋಡಿ, ಚೇತನ್ ತನ್ನ ಕಿವಿಯಲ್ಲಿ ಪಿಸುಗುಟ್ಟಿದ್ದೆಲ್ಲ ಕೇಳಿ, ಬಾಸಿಂಗ ಅಲ್ಲಾಡುವಂತೆ ನಕ್ಕಳು. ಆಮೇಲೆ ಕಾಲಿಗೆ ಬಿದ್ದಾಗ ಕೇಳಿಯೂಬಿಟ್ಟಳು: "ನನ್ನ ಅಕ್ಷರ ಎಲ್ಲಿ ಮಾವ?"

ಈ ಭಾನುವಾರ ಹೊಸ ಜೋಡಿ ನಮ್ಮ ಮನೆಗೆ ಊಟಕ್ಕೆ ಬರುವುದಿತ್ತು. ಬೆಳಿಗ್ಗೆ ಎಂದಿನಂತೆ ಸ್ಟೂಲ್, ಟವೆಲ್, ಟ್ರಿಮ್ಮರ್. ಆ ಹೃದಯವನ್ನು ಸವರಿ ಒಂದೇ ಸಮ ಮಾಡಿಬಿಡೋಣವೆಂದು ಗುಂಡಿ ಒತ್ತಿದೆ. ಗುಂಯ್ ಎಂದಿತು. ಯಜಮಾನರ ಕತ್ತಿನ ಹಿಂಬದಿಯ ಚರ್ಮ ಜುಂ ಎಂದು ಅದುರಿತು. ಇಷ್ಟು ವರ್ಷ ಅದುರುತ್ತಿತ್ತೋ ಏನೋ, ನೋಡುವ ಕಣ್ಣು ನನಗೆ ಕುಣಿಗಲ್‌ನಲ್ಲಿ ಬಂದದ್ದು. ಯಂತ್ರ ನಿಲ್ಲಿಸಿ ಮುಂದೆ ಬಂದು ನಿಂತೆ.

"ರೀ, ಹೇಗೆ ಬೇಕು ನಿಮಗೆ?"

ಅವರು ಗಾಬರಿಯಿಂದ ನನ್ನ ಮುಖ ನೋಡಿದರು. ಹುಷಾರಾಗಿದ್ದೀಯಾ ಎಂದು ಕೇಳಲು ಬಾಯಿ ತೆರೆದು, ಮುಚ್ಚಿ, ಕೊನೆಗೆ ನಾಚಿಕೊಂಡು ಹೇಳಿದರು: "ಅಳಿಸ್ಬೇಡ ಕಣೇ. ಪಕ್ಕದಲ್ಲಿ 'ಸ್ಫೂ' ಬರಿ. ಆ ಹುಡ್ಗಿ ಕೇಳಿದ್ಳಲ್ಲ."

ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು, ಕೂಗಲಿ ಎಂದೆ. ಸಕಾರ ಸುಲಭವಾಗಿ ಬಂತು. ಒತ್ತಕ್ಷರಕ್ಕೆ ಜಾಗ ಸಾಲದೆ ಕತ್ತಿನ ಬುಡದವರೆಗೆ ಇಳಿಯಬೇಕಾಯಿತು. ಅಷ್ಟು ಕೆಳಗೆ ಯಂತ್ರ ತಾಗಿದಾಗಲೂ ಅವರ ಚರ್ಮ ಒಂದಿಷ್ಟೂ ಅದುರಲಿಲ್ಲ.