ದೋಣಿಗೆ ಉಡಿಸಿದ ಸೀರೆ

ಗದ್ವಾಲ್ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಒಬ್ಬ ಕಾರಿಗೆ ಸ್ಟಿಕ್ಕರ್ ಸುತ್ತುತ್ತಿದ್ದ. ವಿನೈಲ್ ಹಾಳೆಗೆ ಬಿಸಿಗಾಳಿ ತಾಗಿದಾಗ ಒಂದು ವಾಸನೆ ಏಳುತ್ತದೆ. ಮೊದಲು ಹೊಸ ಚಪ್ಪಲಿಯ ಡಬ್ಬಿ ತೆರೆದಂತೆ, ಅದರ ಹಿಂದೆಯೇ ತಳ ಹಿಡಿದ ಹಾಲಿನಂತೆ. ನಾನು ಹೆಂಡತಿಯ ಕನ್ನಡಕ ರಿಪೇರಿ ಮಾಡಿಸಿಕೊಂಡು ನಿಂತಿದ್ದೆ. ಮಕ್ತಲ್ ಬಸ್ಸು ಸಿಗದಿದ್ದರೆ ಏನು ಗತಿ, ಸಿಕ್ಕರೂ ನೂಕುನುಗ್ಗಲಲ್ಲಿ ಕನ್ನಡಕ ಮುರಿದರೆ ಏನು ಗತಿ, ಮುರಿಯದೇ ಮನೆಗೆ ಹೋದರೂ ಅದು ಬೇರೆಯವರ ಕನ್ನಡಕವಾಗಿದ್ದರೆ ಏನು ಗತಿ ಎಂದು ನನ್ನ ಪಾಡಿಗೆ ನಾನು ಹೆದರುತ್ತಿದ್ದೆ. ಆ ವಾಸನೆ ಬಂದದ್ದೇ ತಡ, ಎಲ್ಲವೂ ಮರೆತುಹೋಯಿತು. ದೋಣಿ ಮಾವ ನೆನಪಾದರು...

ಮಾವ ಎಂದರೆ ಸಂಬಂಧದ ಮಾವ ಅಲ್ಲ. ಮಕ್ತಲ್‌ನಿಂದ ಕೃಷ್ಣಾ ಹೊಳೆಯ ಕಡೆ ಹೋಗುವ ರಸ್ತೆಯ ಕೊನೆಯ ಊರು ನಮ್ಮದು. ಅಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ನೇಕಾರರ ಮನೆಯಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ನೂಲಿನ ಗಂಟು, ಸೀರೆಯ ಗಂಟುಗಳನ್ನು ಹೊಳೆ ದಾಟಿಸುವ ಹರಗೋಲಿನಲ್ಲಿ ಕೂತು ಹೋಗಿ ಬಂದು ಮಾಡುತ್ತಿದ್ದವರು, ಒಂದು ದಿನ ಗಂಟು ಇಳಿಸಿ ತಾವೇ ಹುಟ್ಟು ಹಿಡಿದರಂತೆ. ‘ಲಾಳಿ ಬಿಟ್ಟು ಹುಟ್ಟು ಹಿಡಿದಾವ’ ಎಂದು ಅವರ ಓಣಿಯವರೇ ಆಡಿಕೊಳ್ಳುತ್ತಿದ್ದರು. ಮಾವ ನಗುತ್ತಿದ್ದರು. ಜೂರಾಲ ಅಣೆಕಟ್ಟಾಗಿ ಹಿನ್ನೀರು ನಿಂತ ಮೇಲೆ ಹರಗೋಲು ಹೋಗಿ ಫೈಬರ್ ದೋಣಿ ಬಂತು. ಆಚೆ ದಡದ ಧರೂರಿನ ಕಡೆಗೆ ಹೋಗುವವರು, ಹಾಲಿನ ಕ್ಯಾನು, ಒಮ್ಮೊಮ್ಮೆ ಒಂದು ಆಡು, ಎಲ್ಲ ಅದರಲ್ಲೇ.

ಯುಗಾದಿ ಕಳೆದು ನೀರು ಇಳಿದಾಗ ಮಾವ ದೋಣಿಯನ್ನು ದಡಕ್ಕೆಳೆದು, ಬೋರಲು ಹಾಕಿ, ತಿಕ್ಕಿ, ನೀಲಿ ಬಣ್ಣ ಬಳಿಯುತ್ತಿದ್ದರು. ಆ ದಿನಗಳಲ್ಲಿ ಊಟಕ್ಕೂ ಮನೆಗೆ ಬರುತ್ತಿರಲಿಲ್ಲ. ಅವರ ಹೆಂಡತಿ, ನಾವೆಲ್ಲ ಅತ್ತೆ ಎನ್ನುತ್ತಿದ್ದ ನಾರಾಯಣಪೇಟೆಯ ಹೆಣ್ಣುಮಗಳು, ಕುಣಿಮಗ್ಗದಲ್ಲಿ ಕೂತೇ ಗೋಡೆಯಾಚೆಯಿಂದ ನನಗೆ ಕೇಳುವಂತೆ ಹೇಳುತ್ತಿದ್ದರು:

“ನನ್ನ ಸವತಿಗೆ ಬಣ್ಣ ಬಳ್ಯಾಕ ಹೋಗ್ಯಾರ ನಿಮ್ಮ ಮಾವ. ಈ ಮನಿ ಗ್ವಾಡಿ ಸುಣ್ಣ ಕಂಡು ಎಷ್ಟ ವರ್ಷ ಆತು ಅಂತ ಒಂದೀಟು ಕೇಳು.”

ಆ ಸವತಿಯನ್ನು ಅತ್ತೆ ಒಮ್ಮೆಯೂ ಹತ್ತಿರಲಿಲ್ಲ. ಅದಕ್ಕೊಂದು ಕಥೆ ಇತ್ತು. ನೇಯುವವರ ಮನೆಯ ಹೆಂಗಸರು ನೇಯ್ದ ಸೀರೆಯನ್ನು ತಾವು ಉಡುವುದು ಕಡಿಮೆ. ಮಗ್ಗದಿಂದ ಇಳಿದದ್ದು ನೇರ ಸಾಹುಕಾರನ ಅಂಗಡಿಗೆ. ಮದುವೆಯಾದ ಹೊಸದರಲ್ಲಿ ಅತ್ತೆ ಹಟ ಹಿಡಿದು ತನಗೆಂದೇ ಒಂದು ಸೀರೆ ನೇಯ್ದರಂತೆ. ಬದನೆಕಾಯಿ ಬಣ್ಣದ ಮೈ, ಸಣ್ಣ ಚೌಕಳಿ, ಸಾಸಿವೆ ಬಣ್ಣದ ಅಂಚು, ಅಂಚಿನುದ್ದಕ್ಕೂ ಗುಡಿಯ ಸಾಲು. ಧರೂರಿನ ಗಂಡಿನ ಮನೆಯಲ್ಲಿ ತಂಗಿಯ ಮದುವೆ. ಅಲ್ಲಿ ಉಡೋಣವೆಂದು ಗಂಟು ಕಟ್ಟಿಕೊಂಡು ಗಂಡನ ಹರಗೋಲು ಹತ್ತಿದರು. ನಡುಹೊಳೆಯಲ್ಲಿ ಹರಗೋಲು ಒಂದು ಸುತ್ತು ತಿರುಗಿತು. ಗಂಟು ನೀರಿಗೆ ಬಿತ್ತು. ಮಡಿಕೆ ಬಿಚ್ಚಿಕೊಂಡ ಸೀರೆ ಸ್ವಲ್ಪ ದೂರ ತೇಲಿ, ಆಮೇಲೆ ಕಾಣಲಿಲ್ಲ. ಅತ್ತೆ ಹಳೇ ಸೀರೆಯಲ್ಲೇ ತಂಗಿಯ ಮದುವೆ ಮುಗಿಸಿ, ಬಸ್ಸಿನಲ್ಲಿ ಸುತ್ತು ಹಾಕಿಕೊಂಡು ಮನೆಗೆ ಬಂದು ಒಂದೇ ಮಾತು ಹೇಳಿದರಂತೆ.

“ನಿಮ್ಮ ಕೃಷ್ಣಮ್ಮ ನನ್ನ ಸೀರಿ ನುಂಗ್ಯಾಳ. ಆಕಿ ವಾಪಸ್ ಕೊಡೋ ತನಕ ನಾ ನೀರ ಮ್ಯಾಲೆ ಕಾಲಿಡಂಗಿಲ್ಲ.”

ಇಟ್ಟಿರಲೂ ಇಲ್ಲ. ಧರೂರಿನ ತಂಗಿಯ ಮನೆಯ ಹಬ್ಬ, ಸಾವು, ಬಾಣಂತನ, ಎಲ್ಲಕ್ಕೂ ಬಸ್ಸು. ಮಾವ ಇದನ್ನು ನಗುತ್ತಲೇ ಹೇಳುತ್ತಿದ್ದರು, ಕೊನೆಗೆ ಮಾತ್ರ ದನಿ ಸಣ್ಣದಾಗುತ್ತಿತ್ತು. “ಊರ ಮಂದಿನೆಲ್ಲ ದಾಟಿಸೀನಿ ಅಳಿಯಾ. ಮನ್ಯಾಕಿ ಒಬ್ಬಾಕೀನ ದಡದಾಗ ಉಳದಾಳ.”

ಆಗ ನನಗೆ ಮಕ್ತಲ್‌ನಲ್ಲಿ ಫ್ಲೆಕ್ಸ್, ರೇಡಿಯಂ, ಸ್ಟಿಕ್ಕರ್‌ಗಳ ಅಂಗಡಿ. ಆ ವರ್ಷ ಮಾವನಿಗೆ ದಮ್ಮು ಹತ್ತಿತ್ತು. ರಾಯಚೂರಿನ ಡಾಕ್ಟರು ಬಣ್ಣ, ತಿನ್ನರ್ ಹತ್ತಿರ ಸುಳಿಯಬೇಡಿ ಎಂದು ಗದರಿದ್ದರು. ಹಳೆಯ ನೀಲಿ ಹೊಪ್ಪಳ ಎದ್ದ ದೋಣಿ ದಡದಲ್ಲಿ ಬಿದ್ದಿತ್ತು. ಬೇರೆಯವರ ಕೈಯಲ್ಲಿ ಬಳಿಸಿರಿ ಎಂದರೆ ಒಲ್ಲೆ ಎನ್ನುವರು. ಮಾರಿಬಿಡಿ ಎಂದರೆ ಎದ್ದು ಹೊಳೆಯ ಕಡೆ ನಡೆಯುವರು. ಒಂದು ದಿನ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು, ನಾನು ಆಟೋವೊಂದಕ್ಕೆ ಸ್ಟಿಕ್ಕರ್ ಅಂಟಿಸುವುದನ್ನು ಬಹಳ ಹೊತ್ತು ನೋಡಿದರು.

“ಇದು ಎದಿ ಹಿಡಿಯಂಗಿಲ್ಲೇನು?”

“ಇಲ್ರಿ ಮಾವ. ವಾಸನಿ ಐತಿ, ಆದ್ರ ಬಣ್ಣದಂಗಲ್ಲ.”

“ದೋಣಿಗೆ ಅಂಟತೈತಾ?”

ನಾನು ಶುರು ಮಾಡಿದೆ. ನೀರೊಳಗೆ ಗೋಂದು ಬಿಟ್ಟರೆ? ಬಿಸಿಲಿಗೆ ಮುದುಡಿದರೆ? ಕಲ್ಲು ತಾಗಿ ಹರಿದರೆ? ಒಳಗೆ ಗಾಳಿಯ ಗುಳ್ಳೆ ಉಳಿದರೆ? ಮೀನು ಕಚ್ಚಿದರೆ? ಕೊನೆಯದನ್ನು ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಮಾವ ಎಲ್ಲ ಕೇಳಿ, ಬೀಡಿ ಇಲ್ಲದ ಬೆರಳುಗಳನ್ನು ಉಜ್ಜಿಕೊಂಡು ಹೇಳಿದರು:

“ಅಳಿಯಾ, ನೀ ಮದಿವಿ ಹೆಂಗ ಮಾಡ್ಕೊಂಡ್ಯೋ?”

ಹಾಗೆ ಒಪ್ಪಿದೆ. ಯಾವ ನೀಲಿ ಬೇಕು ಎಂದು ಕೇಳಿದರೆ ಮಾವ ತಲೆಯಾಡಿಸಿದರು. ನೀಲಿ ಬೇಡ. ಆ ಸೀರೆ ಬೇಕು. ಹೊಳೆಗೆ ಹೋದ ಸೀರೆ.

ಮುಂದಿನ ದಿನಗಳಲ್ಲಿ ಅವರು ಕಣ್ಣು ಮುಚ್ಚಿಕೊಂಡು ಹೇಳುವುದು, ನಾನು ಕಂಪ್ಯೂಟರಿನಲ್ಲಿ ಬಿಡಿಸುವುದು. ಚೌಕಳಿ ದೊಡ್ಡದಾಯಿತು, ಗುಡಿ ಸಣ್ಣದಾಯಿತು, ಸಾಸಿವೆ ಅರಿಶಿನವಾಯಿತು... ಮಹಬೂಬ್‌ನಗರದಲ್ಲಿ ಹಾಳೆ ಮುದ್ರಿಸಿ ತಂದೆವು. ಅತ್ತೆಗೆ ಸುದ್ದಿ ಬಿಡಲಿಲ್ಲ. ನಾನು ಮನೆಯಲ್ಲಿ ಹಿತ್ತಲ ಬಾಗಿಲಿನಿಂದ ಓಡಾಡಿದೆ. ಅತ್ತೆ ಮುಖ ನೋಡಿ ಒಂದು ಪ್ರಶ್ನೆ ಕೇಳಿದ್ದರೆ ನಾನು ಗುಡಿಯ ಸಾಲನ್ನೂ ಸೇರಿಸಿ ಒದರಿಬಿಡುತ್ತಿದ್ದೆ.

ಹೊಪ್ಪಳ ಎದ್ದಲ್ಲಿ ನಾನು ತಿಕ್ಕಿದೆ, ಮಾವ ದೂರ ಕೂತು ಬಾಯಿಗೆ ಟವೆಲ್ ಹಿಡಿದು ಬೆರಳು ತೋರಿಸಿದರು. ತೊಳೆದು ಒಣಗಿಸಿದ ಮೇಲೆ ಹಾಳೆ ಎಲ್ಲಿಂದ ಶುರು ಮಾಡುವುದೆಂಬ ಮಾತು ಬಂತು. “ಮಾರಿಯಿಂದ,” ಎಂದರು ಮಾವ. “ಶುಭ ಕೆಲಸ ಯಾರರ ಬೆನ್ನಿಂದ ಸುರು ಮಾಡ್ತಾರೇನೋ?” ನನಗೂ ಸರಿ ಎನ್ನಿಸಿತು. ದೋಣಿಯ ಮೂತಿಗೆ ಕುಂಕುಮ ಹಚ್ಚಿ, ಮೊದಲ ಹಾಳೆ ಅಲ್ಲೇ ಅಂಟಿಸಿ, ಅದರ ಅಂಚಿನ ಮೇಲೆ ಎರಡನೆಯದರ ಅಂಚು ಕೂರಿಸುತ್ತ ಬಾಲದವರೆಗೆ ಬಂದೆವು. ಹಂಚು ಹೊದಿಸುವವರನ್ನು ಕೇಳಿದ್ದರೂ ಹೇಳುತ್ತಿದ್ದರು, ನೀರು ಬರುವ ಕಡೆಯ ಹಂಚು ಮೇಲಿರಬೇಕು ಎಂದು. ನಮ್ಮ ಹಾಳೆಗಳ ಬಾಯಿಗಳೆಲ್ಲ ಬರುವ ನೀರಿಗೇ ಎದುರಾಗಿದ್ದವು. ಲೋಕದ ಎಲ್ಲ ಅನಾಹುತಗಳ ಬಗ್ಗೆ ಚಿಂತಿಸಿದ್ದ ನಾನು ಆ ಒಂದರ ಬಗ್ಗೆ ಮಾತ್ರ ಚಿಂತಿಸಿರಲಿಲ್ಲ.

ದೋಣಿ ನೀರಿಗಿಳಿಸುವ ಬೆಳಗ್ಗೆ ಓಣಿಗೆ ಓಣಿಯೇ ಬಂದಿತ್ತು. ಅತ್ತೆಯೂ ಬಂದರು. ದೋಣಿಯ ಮುಂದೆ ನಿಂತರು. ಅತ್ತೆ ಬಗ್ಗಿ ಅಂಚಿನ ಮೇಲೆ, ನೇಯ್ಗೆ ಪರೀಕ್ಷಿಸುವವರ ಹಾಗೆ, ಬೆರಳಾಡಿಸಿದರು.

“ನನ್ನ ಸೀರಿ ಅಂಚು ಇಷ್ಟು ಅಗಲ ಇದ್ದಿಲ್ಲ.”

“ನಿನ್ನ ಸವತಿ ಸೊಂಟ ದಪ್ಪ ಐತಿ, ಅದಕ್ಕ,” ಎಂದರು ಮಾವ.

ಜನ ನಕ್ಕರು. ಅತ್ತೆ ನಗಲಿಲ್ಲ. ಮಾವ ಕೈ ನೀಡಿದರು. “ಈಗರ ಹತ್ತು.”

“ಒಲ್ಲೆ. ಇದು ನಿಮ್ಮ ಅಳಿಯ ಮಾಡಿ ಕೊಟ್ಟಿದ್ದು. ಹೊಳಿ ಕೊಟ್ಟಿದ್ದಲ್ಲ.”

ಮಾವನ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅದೇ ಕೈಯಲ್ಲಿ ಹುಟ್ಟು ತೆಗೆದುಕೊಂಡು ಒಬ್ಬರೇ ಹೊರಟರು. ಅವರ ಬೆನ್ನು ನೋಡಲಾಗದೆ ನಾನು ದೋಣಿಯ ಮೈಯನ್ನೇ ನೋಡುತ್ತಿದ್ದೆ. ಅದಕ್ಕೇ ಮೊದಲು ಕಂಡದ್ದು ನನಗೆ. ನಡುಭಾಗದ ಒಂದು ಹಾಳೆಯ ಬಾಯಿ ತೆರೆಯಿತು. ಒಳಗೆ ನೀರು ಹೊಕ್ಕಿತು. ಹಾಳೆ ಮೇಲಿಂದ ಕೆಳಗಿನವರೆಗೆ ಬಿಚ್ಚಿಕೊಂಡು, ಬದನೆಕಾಯಿ ಬಣ್ಣದ ಮೈ, ಸಾಸಿವೆಯ ಅಂಚು, ಗುಡಿಯ ಸಾಲು, ಎಲ್ಲ ನೀರಿನ ಮೇಲೆ ಉದ್ದಕ್ಕೆ ತೇಲತೊಡಗಿತು.

“ಅಯ್ಯೋ, ಮತ್ತ ಒಯ್ದಳು! ಹಿಡೀರಿ! ಹಿಡೀರಿ ಆಕೀನ!”

ಕೂಗಿದ್ದು ಅತ್ತೆ. ಕೂಗುವುದರೊಳಗೆ ನೀರಿನಲ್ಲಿದ್ದರು. ಮೊಣಕಾಲು, ಸೊಂಟ... ಹರಿದು ಬಿಡಿಸಿಕೊಳ್ಳಲಿದ್ದ ಹಾಳೆಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಜಗ್ಗಿದರು. ಮಾವ ಹುಟ್ಟು ತಿರುಗಿಸಿ ದೋಣಿಯನ್ನು ಅವರ ಪಕ್ಕಕ್ಕೆ ತಂದು ನಿಲ್ಲಿಸಿದರು. ಅತ್ತೆ ಎದೆಗವಚಿಕೊಂಡು ನಿಂತಿದ್ದರು, ಹಾಳೆಯಿಂದ ನೀರು ಸೋರುತ್ತಿತ್ತು. ಮಾವ ಬಗ್ಗಿ, ಬಹಳ ಮೆತ್ತಗೆ ಕೇಳಿದರು. ದಡದಲ್ಲಿದ್ದ ನಮಗೂ ಕೇಳಿಸಿತು.

“ಈಗ ಯಾರ ಕೊಟ್ರು?”

ಅತ್ತೆ ಕೈಯಲ್ಲಿದ್ದುದನ್ನು ನೋಡಿದರು. ಹೊಳೆಯನ್ನು ನೋಡಿದರು. ಆಮೇಲೆ, “ಕೈ ಹಿಡೀರಿ ಹಂಗಾರ, ಏನ್ ನೋಡ್ಕೋತ ಕುಂತೀರಿ,” ಎಂದು ಗದರಿದರು.

ಇಬ್ಬರೂ ಆಚೆ ದಡದವರೆಗೆ ಹೋಗಿ ಬಂದರು. ಅತ್ತೆ ಹೋಗುವಾಗಲೂ ಬರುವಾಗಲೂ ಆ ಹಾಳೆಯನ್ನು ಬಿಡಲಿಲ್ಲ.

ಮರುದಿನದಿಂದ ಹಾಳೆಗಳನ್ನೆಲ್ಲ ತೆಗೆದು, ಬಾಲದಿಂದ ಮೂತಿಯ ಕಡೆಗೆ ಮತ್ತೆ ಅಂಟಿಸಿದೆವು. ಆಮೇಲೆ ಅತ್ತೆ ಧರೂರಿಗೆ ದೋಣಿಯಲ್ಲೇ ಹೋಗುತ್ತಿದ್ದರು. ಕೆಲಸವಿಲ್ಲದಿದ್ದರೂ. ಸಂತೆಗೆ ಹೋಗುವವರು ಕಾಯುತ್ತಿದ್ದರೆ “ತಡೀರಿ, ಮನಿ ಸವಾರಿ ಐತಿ” ಎನ್ನುತ್ತಿದ್ದರು ಮಾವ...

ಕೆಲವು ವರ್ಷ ಹಾಗೆ ನಡೆಯಿತು. ಒಂದು ಚಳಿಗಾಲ ಮಾವನ ಎದೆ ಸೋತಿತು, ಮಾವ ಹೋದರು. ದೋಣಿಯನ್ನು ಆಚೆ ದಡದ ಮೀನಿನವರು ಕೇಳಿದರು. ಅತ್ತೆ ನನ್ನನ್ನು ಕರೆಸಿ, “ದೋಣಿ ಒಯ್ಯಲಿ. ಸೀರಿ ಬಿಚ್ಚಿ ಕೊಡು,” ಎಂದರು.

ಬಿಸಿಲಿಗೆ ಬೆಂದ ವಿನೈಲ್ ಚೂರುಚೂರಾಗಿ ಏಳುತ್ತಿತ್ತು. ಒಂದೇ ಒಂದು ತುಂಡು, ಅಂಚು ಗುಡಿ ಸಮೇತ, ಇಡಿಯಾಗಿ ಬಂತು. ಅದನ್ನು ತಿರುವಿ ನೋಡಿದರೆ ಗೋಂದಿನ ಬದಿಗೆ ನೀಲಿ ಅಂಟಿಕೊಂಡು ಬಂದಿತ್ತು. ಮಾವ ಕೊನೆಯ ಸಲ ಬಳಿದ ನೀಲಿ, ಕುಂಚದ ಎಳೆಗಳು ಹಾಗೇ ಇದ್ದವು. ಅತ್ತೆ ಅದರ ಮೇಲೆ ಅಂಗೈ ಇಟ್ಟುಕೊಂಡು ಕೂತರು. ಆಮೇಲೆ ನೀಲಿಯನ್ನು ಒಳಗೆ ಮಾಡಿ, ಅಂಚಿಗೆ ಅಂಚು ಕೂಡಿಸಿ, ಸೀರೆ ಮಡಚುವಂತೆ ಮಡಚತೊಡಗಿದರು.

“ಅತ್ತಿ, ಮಡಚಬ್ಯಾಡ್ರಿ,” ಎಂದೆ. “ಇನ್ನ ಗೋಂದು ಐತಿ. ಒಮ್ಮಿ ಅಂಟಿತು ಅಂದ್ರ ಬಿಚ್ಚಾಕ ಬರಂಗಿಲ್ಲ.”

“ಬಿಚ್ಚಿ ಯಾರಿಗೆ ಉಟ್ಟು ತೋರಿಸ್ಲೋ?” ಎಂದು ಅತ್ತೆ ಮಡಿಕೆಯ ಮೇಲೆ ಕೈ ಒತ್ತಿದರು.

ಗದ್ವಾಲಿನ ಅಂಗಡಿಯವನು ಕಾರಿನ ಬಾನೆಟ್ಟಿನಿಂದಲೇ ಶುರು ಮಾಡಿದ್ದ. ‘ಹಿಂದಿನಿಂದ ಬಾರಪ್ಪ’ ಎನ್ನಲು ಬಾಯಿ ತೆರೆದೆ. ಕಾರು ಹೊಳೆ ದಾಟುವುದಿಲ್ಲವೆಂದು ನೆನಪಾಗಿ ಮುಚ್ಚಿದೆ. ಅಷ್ಟರಲ್ಲಿ ಬಸ್ಸು ಬಂತು. ಕನ್ನಡಕ ಎದೆಗೊತ್ತಿಕೊಂಡು ಹತ್ತಿದೆ. ಬಸ್ಸು ಜೂರಾಲದ ಮೇಲೆ ಬಂದಾಗ ದೂರದಲ್ಲಿ ನಾಲ್ಕಾರು ದೋಣಿಗಳು ಕಂಡವು, ಎಲ್ಲಕ್ಕೂ ಒಂದೇ ಬಿಳಿ ಬಣ್ಣ. ಯಾವುದು ಮಾವನದೋ ತಿಳಿಯಲಿಲ್ಲ.

ಅತ್ತೆ ಈಗ ಧರೂರಿಗೆ ಮತ್ತೆ ಬಸ್ಸಿನಲ್ಲೇ ಸುತ್ತು ಹಾಕಿಕೊಂಡು ಹೋಗುತ್ತಾರೆ. ನೀರು ಕಾಣುವ ಕಡೆಯ ಸೀಟು ಖಾಲಿ ಇದ್ದರೂ ಕೂರುವುದಿಲ್ಲ.